ಕಡಿದವನೇ ಕಾವಲು

ನನ್ನ ಊರಿನ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಬರಲಿ. ಹೊನ್ನಾವರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠ ಮಾಡುತ್ತ ಇಷ್ಟು ವರ್ಷ ಕಳೆದಿದ್ದೇನೆ. ಹಕ್ಕು, ಪ್ರತಿರೋಧ, ಶಾಂತಿ ಎಂಬ ಶಬ್ದಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ. ಆದರೆ ಅವುಗಳ ಅರ್ಥ ನನಗೆ ಹತ್ತಿದ್ದು ಕುಮಟಾ ಕಡೆಯ ಅಘನಾಶಿನಿ ಹೊಳೆಯಂಚಿನ ಕೆಸರಿನಲ್ಲಿ, ಅದೂ ನಲವತ್ತು ದಾಟಿದ ಮೇಲೆ, ನಾನೇ ಮಾಡಿದ ಒಂದು ತಪ್ಪಿನ ದೆಸೆಯಿಂದ.

ನಮ್ಮದು ಗಜನಿ ಊರು. ಹೊಳೆಯ ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಅದಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಬೇರು ಊರಿತೆಂದರೆ ಉಪ್ಪಿಗೂ ಜಗ್ಗುವುದಿಲ್ಲ, ನೆರೆಗೂ ಜಗ್ಗುವುದಿಲ್ಲ. ಸೊಂಟದ ಮಟ್ಟದ ನೀರಲ್ಲಿ ನಿಂತು ತೆನೆ ಕೊಯ್ದು ದೋಣಿಗೆ ಹಾಕುವುದು ನಮ್ಮ ಕೊಯ್ಲು. ಕೊಯ್ಲು ಮುಗಿದ ಮೇಲೆ ಹೊಳೆಗೂ ಗಜನಿಗೂ ನಡುವಿನ ಮಣ್ಣಿನ ಕಟ್ಟೆಯಲ್ಲಿರುವ ಜಂತ್ರಡಿ, ಅಂದರೆ ಹಲಗೆಯ ಬಾಗಿಲು, ತೆಗೆಯುತ್ತಾರೆ. ಭರತ ಎಂದು ನಾವು ಕರೆಯುವ ಉಬ್ಬರದ ನೀರಿನ ಜೊತೆ ಮೀನು, ಸೀಗಡಿ ಒಳಗೆ ಬರುತ್ತವೆ. ಆಗ ಆಚೆ ದಡದವರು ಬಲೆ ತರುತ್ತಾರೆ. ಅವರಿಗೆ ಗದ್ದೆಯಿಲ್ಲ, ಅವರು ದೋಣಿಯ ಜನ. ಮಳೆಗಾಲ ನಮ್ಮದು, ಬೇಸಿಗೆ ಅವರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಬರೆದಿಟ್ಟದ್ದು ಬೇರೆ. ಮುಂಬೈ ಪ್ರೆಸಿಡೆನ್ಸಿಯ ಕಾಲದಲ್ಲಿ ಯಾವನೋ ಸರ್ವೆಯ ಸಾಹೇಬ ಕುದುರೆ ಹತ್ತಿ ಬಂದಿದ್ದನಂತೆ. ಬಂದದ್ದು ಬೇಸಿಗೆಯಲ್ಲಿ. ಕಂಡದ್ದು ಉಪ್ಪುನೀರು. 'ಬಂಜರು' ಎಂದು ಬರೆದು ಹೋದ. ಮಳೆಗಾಲದಲ್ಲಿ ಇನ್ನೊಮ್ಮೆ ಬಂದು ನೋಡುವಷ್ಟು ಪುರುಸೊತ್ತು ಅವನಿಗೆ ಎಲ್ಲಿಂದ ಬರಬೇಕು? ಸಾಹೇಬ ಹೋದ, ಪ್ರೆಸಿಡೆನ್ಸಿಯೂ ಹೋಯಿತು, ಆ ಶಬ್ದ ಮಾತ್ರ ಒಂದು ಕಡತದಿಂದ ಇನ್ನೊಂದಕ್ಕೆ ನಕಲಾಗುತ್ತ ನಮ್ಮ ಹೆಸರುಗಳ ಪಕ್ಕದಲ್ಲೇ ಕೂತಿತು. ನನ್ನ ಅಜ್ಜಿ, ನನ್ನ ತಾಯಿ ಅವ್ವಿ, ನಾನು ಉಂಡು ಬೆಳೆದ ಅನ್ನ ಬಂಜರಿನದು ಎಂದು ಸರ್ಕಾರಿ ಕಾಗದ ಹೇಳುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಸೀಗಡಿ ಗುತ್ತಿಗೆದಾರ ಬಂದು ಇಡೀ ಗಜನಿಯನ್ನು ಬೇಸಿಗೆಯ ಮಟ್ಟಿಗೆ ಹಿಡಿದ. ಊರಿನವರೆಲ್ಲ ಸಹಿ ಹಾಕಿದರು. ನಮ್ಮ ಮನೆಯ ಸಹಿಯೂ ಇತ್ತು. ಅವ್ವಿ ಬೇಡ ಎಂದಿದ್ದಳು, ಹಾಕಿದವಳು ನಾನು. ಕೈಗೆ ಒಂದಿಷ್ಟು ದುಡ್ಡು ಬರುತ್ತದಲ್ಲ ಎಂದು ಬುದ್ಧಿವಂತಳ ಹಾಗೆ ವಾದ ಬೇರೆ ಮಾಡಿದ್ದೆ. ಅವನು ಜಂತ್ರಡಿಗೆ ಬಲೆ ಕಟ್ಟಿ ಆಚೆ ದಡದವರನ್ನು ಹತ್ತಿರ ಬಿಡಲಿಲ್ಲ. ಮಳೆ ಹಿಡಿದರೂ ಉಪ್ಪುನೀರು ಹೊರಗೆ ಬಿಡಲಿಲ್ಲ. ಎರಡು ಮಳೆಗಾಲ ನಮಗೆ ಬಿತ್ತಲಾಗಲಿಲ್ಲ. ಆಗ ಗೊತ್ತಾಯಿತು, ಮೂರನೆಯ ವರ್ಷವೂ ಸಾಗುವಳಿ ಇಲ್ಲ ಎಂದು ದಾಖಲಾದರೆ ಗಜನಿಯನ್ನು ಯಾವುದೋ ಯೋಜನೆಗೆ ಕೊಟ್ಟು ಮಣ್ಣು ತುಂಬಿಸುವ ಮಾತು ನಡೆದಿದೆ ಎಂದು. ಬಂಜರು ತಾನೆ, ಕೇಳುವವರು ಯಾರು?

ಊರಿನವರು ಒಟ್ಟಾಗಿ ಗುತ್ತಿಗೆ ಮುರಿದರು. ಆದರೆ ಬಿತ್ತಲು ಬೀಜ? ಎರಡು ವರ್ಷ ಬೆಳೆಯದೆ ಎಲ್ಲರ ಮನೆಯಲ್ಲೂ ಬೀಜ ಮುಗಿದಿತ್ತು. ಅವ್ವಿ ಮಾತ್ರ ಯಾರಿಗೂ ಹೇಳದೆ ಮನೆ ಹಿಂದಿನ ಜೌಗು ಹೊಂಡದಲ್ಲಿ ವರ್ಷವೂ ಒಂದಿಷ್ಟು ಕಗ್ಗ ಬೆಳೆದು ಹುಲ್ಲಿನ ಮುಡೆ ಕಟ್ಟಿಟ್ಟಿದ್ದಳು. ಅದನ್ನು ಅಂಗಳಕ್ಕೆ ತಂದು ಊರಿಗೆಲ್ಲ ಹಂಚಿದಳು. ತೆಳುವಾಗಿ ಬಿತ್ತಿದರೆ ಇಡೀ ಗಜನಿಗೆ ಸಾಲುವಷ್ಟು ಇತ್ತು. ಅಂಥ ಹೆಂಗಸಿನ ಮಗಳು ನಾನು.

ಸಸಿ ಗೇಣುದ್ದ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಊರಿಗೆ ಹೋದಾಗ ಎಲ್ಲರೂ ಕಟ್ಟೆಯ ಮೇಲಿದ್ದರು. ಕಟ್ಟೆಯನ್ನು ಯಾರೋ ಕಡಿದಿದ್ದರು. ಎರಡಾಳು ಅಗಲದ ಕಂಡಿ, ಪಿಕಾಸಿಯ ಗುರುತು ಕಾಣುವ ಹಾಗೆ. ಉಪ್ಪುನೀರು ಒಳಗೆ ಬರಲು ಶುರುವಾಗಿತ್ತು. ನಾಲ್ಕು ದಿನಕ್ಕೆ ಅಮಾವಾಸ್ಯೆ. ಅಮಾವಾಸ್ಯೆಯ ಭರತ ಬಂದರೆ ಎಳೆಯ ಸಸಿ ಉಳಿಯುವ ಮಾತೇ ಇಲ್ಲ. ಬೀಜವೂ ಇಲ್ಲ, ಬೆಳೆಯೂ ಇಲ್ಲ, ಗಜನಿಯೂ ಇಲ್ಲ.

ಇದು ಆಚೆ ದಡದವರದೇ ಕೆಲಸ ಎಂದು ನಮ್ಮ ಹುಡುಗರು ದೊಣ್ಣೆ ಹಿಡಿದು ದೋಣಿ ಹತ್ತುವ ತಯಾರಿಯಲ್ಲಿದ್ದರು. ಅವರಿಗಿಂತ ನಾನು ದೊಡ್ಡ ಜಾಣೆ. ಅದರ ಹಿಂದಿನ ತಿಂಗಳಷ್ಟೇ ಭಟ್ಕಳದಲ್ಲಿ ಅಧ್ಯಾಪಕರಿಗಾಗಿ ನಡೆದ ಶಾಂತಿ ಮತ್ತು ಸಂಘರ್ಷ ಪರಿಹಾರದ ತರಬೇತಿಗೆ ಹೋಗಿ ಬಂದಿದ್ದೆ. ದೂರದಿಂದ ಬಂದ ಸಂಪನ್ಮೂಲ ವ್ಯಕ್ತಿ ಬಣ್ಣಬಣ್ಣದ ಚೀಟಿ ಅಂಟಿಸಿ, ಯಾವ ಜಗಳವಾದರೂ ಮೊದಲು ದಾಖಲೆ ಮಾಡಿ ಎಂದು ಹೇಳಿಕೊಟ್ಟಿದ್ದರು. ನಾನು ಮೊಬೈಲು ತೆಗೆದು ಕಂಡಿಯ ಫೋಟೋ ಹೊಡೆಯತೊಡಗಿದೆ.

ಅವ್ವಿ ಕೆಸರಿನಲ್ಲಿ ನಿಂತಿದ್ದವಳು ತಿರುಗಿ ನೋಡಿದಳು.

"ಎಂತ ಮಾಡ್ತೀ ಮಗಾ?"

"ಸಾಕ್ಷಿ ಬೇಕಲ್ಲ ಅವ್ವಿ. ಕಡಿದವನು ಯಾರು ಅಂತ ಗೊತ್ತಾಗಬೇಕಲ್ಲ."

"ಕಟ್ಟೆ ನಿಲ್ಲೂ ತನಕ ಅದ್ನ ಕೇಳೂಕಿಲ್ಲ. ನಿಂಗೆ ಗೊತ್ತಿಲ್ದೆ ಅದ್ಯಾ? ಫೋನು ಇಟ್ಟು ಹೆಡಿಗೆ ತಕಾ."

ಗೊತ್ತಿತ್ತು. ಕಟ್ಟೆ ಒಡೆದರೆ, ಅದು ಹೊಳೆ ಒಡೆದದ್ದಿರಲಿ ಮನುಷ್ಯ ಒಡೆದದ್ದಿರಲಿ, ಅದು ಮತ್ತೆ ನಿಲ್ಲುವವರೆಗೆ ಯಾರು ಏನು ಎಂದು ಬಾಯಿ ಬಿಡುವಂತಿಲ್ಲ ಎಂಬುದು ನಮ್ಮಲ್ಲಿ ಮೊದಲಿಂದ ಬಂದ ಕ್ರಮ. ಚಿಕ್ಕವಳಿದ್ದಾಗ ಕೇಳಿದ್ದೆ. ಆದರೆ ಎಂ.ಎ. ಮಾಡಿದವಳಿಗೆ ಅದು ಅಪರಾಧಿಗೆ ರಕ್ಷಣೆ ಕೊಡುವ ಹಳೇ ಪದ್ಧತಿ ಎನಿಸಿತು. ನೇರ ಠಾಣೆಗೆ ಹೋಗಿ ದೂರು ಬರೆದೆ. ಚಂದದ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ. ಆಚೆ ದಡದ ಒಬ್ಬ ದೋಣಿಯವನ ಹೆಸರನ್ನೂ ಬರೆದೆ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವನು, ಗುತ್ತಿಗೆದಾರನ ಆಳುಗಳ ಜೊತೆ ಜಂತ್ರಡಿಯ ಬಳಿ ಜಗಳವಾಡಿ "ಈ ಕಟ್ಟೆ ಹ್ಯಾಂಗೆ ನಿಲ್ತದೆ ನೋಡ್ತೆ" ಎಂದು ಕೂಗಿದ್ದನ್ನು ಹತ್ತು ಜನ ಕೇಳಿದ್ದರು.

ನನ್ನ ದೂರಿನ ಮೇಲೆ ಮರುದಿನ ತಹಶೀಲ್ದಾರರ ಕಚೇರಿಯಲ್ಲಿ ಶಾಂತಿ ಸಭೆ. ಒಂದು ಬದಿ ನಮಗೆ ಕುರ್ಚಿ, ಇನ್ನೊಂದು ಬದಿ ಅವರಿಗೆ ಕುರ್ಚಿ, ನಡುವೆ ಮೇಜು. ಸಾಹೇಬರು ಎರಡೂ ಕಡೆಯವರು ಶಾಂತಿ ಕಾಪಾಡಬೇಕು ಎಂದರು. ಎರಡೂ ಕಡೆ ಎಂದು ಅವರು ಹೇಳಿದ ಮೇಲೆಯೇ ನಾವು ಎರಡು ಕಡೆಯಾದೆವೇನೋ. ಆ ದೋಣಿಯವನು ನನ್ನತ್ತ ನೋಡಲೂ ಇಲ್ಲ. ಹೊರಗೆ ಬರುವಾಗ ಹೋಗುವಾಗಿನದಕ್ಕಿಂತ ಹೆಚ್ಚು ಬೈದಾಡಿಕೊಂಡು ಬಂದೆವು. ಒಂದು ಇಡೀ ದಿನ ಹಾಳಾಯಿತು, ಕಂಡಿ ಇನ್ನೂ ಅಗಲವಾಯಿತು.

ನಾನು ಮನೆ ಮುಟ್ಟುವಷ್ಟರಲ್ಲಿ ಅವ್ವಿ ತನ್ನ ಕೆಲಸ ಮಾಡಿ ಮುಗಿಸಿದ್ದಳು. ಕಡಿದ ಜಾಗದ ಮಣ್ಣನ್ನು ಒಂದು ಹೆಡಿಗೆ ತುಂಬಿ, ದೋಣಿಯಲ್ಲಿ ಆಚೆ ದಡಕ್ಕೆ ಒಯ್ದು, ಅವರ ದೋಣಿ ಕಟ್ಟುವ ಜಾಗದಲ್ಲಿ ಇಟ್ಟು, ಒಂದು ಮಾತೂ ಆಡದೆ ತಿರುಗಿ ಬಂದಿದ್ದಳು. ನಮ್ಮ ಕಡೆ ಅದೇ ಕರೆ. ಮಣ್ಣು ಮನೆ ಬಾಗಿಲಿಗೆ ಬಂದರೆ ಅದನ್ನು ತಿರುಗಿ ಕಟ್ಟೆಗೆ ತಂದು ಹಾಕಬೇಕು. ಹಾಕಿದರೆ ಕಟ್ಟೆ ಅವರದೂ ಹೌದು ಎಂದು ಲೆಕ್ಕ. ತರದೆ ಬಿಟ್ಟರೆ ಒಂದು ದಡ ಇನ್ನೊಂದು ದಡಕ್ಕೆ ಹೆಣ್ಣು ಕೊಡುವುದಿಲ್ಲ, ಹೆಣ ಹೊರುವುದಿಲ್ಲ. ನನ್ನ ಕಾಲದಲ್ಲಿ ಹಾಗೆ ಬಿಟ್ಟದ್ದನ್ನು ನಾನು ಕಂಡಿಲ್ಲ.

"ದೂರು ಕೊಟ್ಟಿದ್ದೇವೆ, ಇನ್ನು ಅವರು ಬರುತ್ತಾರಾ?" ಎಂದೆ.

"ದೂರು ಕೊಟ್ಟದ್ದು ನೀನು. ಕರ್ದದ್ದು ನಾನು," ಎಂದಳು ಅವ್ವಿ.

ಬೆಳಿಗ್ಗೆ ಇಳಿತದ ಹೊತ್ತಿಗೆ ಬಂದರು. ಮೊದಲ ದೋಣಿಯಲ್ಲೇ ಅವನಿದ್ದ. ಅವ್ವಿಯ ಹೆಡಿಗೆ ಅವನ ತಲೆಯ ಮೇಲಿತ್ತು. ಹಿಂದೆ ಆರೇಳು ದೋಣಿ, ಹೆಂಗಸರು, ಗಂಡಸರು, ತೆಂಗಿನ ಗೂಟ, ತೆಂಗಿನ ಗರಿಯ ಮಡಲು. ಅವನು ನಮ್ಮ ಹುಡುಗರ ನಡುವೆಯೇ ನಡೆದು ಹೋಗಿ ಕಂಡಿಯ ಬಾಯಿಗೆ ಮಣ್ಣು ಸುರಿದ. ನಮ್ಮ ಹುಡುಗರು ದೊಣ್ಣೆ ಹಿಡಿದೇ ಇದ್ದರು, ಆಮೇಲೆ ಅದೇ ದೊಣ್ಣೆಗಳನ್ನು ಗೂಟದ ನಡುವೆ ಹೆಣೆಯಲು ಕೊಟ್ಟರು. ನನಗೆ ಎಲ್ಲಿ ನಿಲ್ಲಬೇಕು ಗೊತ್ತಾಗಲಿಲ್ಲ. ಅವ್ವಿ ನನ್ನ ರಟ್ಟೆ ಹಿಡಿದು ಸಾಲಿನಲ್ಲಿ ಅವನ ಪಕ್ಕಕ್ಕೇ ತಂದು ನಿಲ್ಲಿಸಿದಳು. ಎರಡು ದಿನ ಅವನು ಕೊಟ್ಟ ಹೆಡಿಗೆ ನಾನು ಮುಂದೆ ದಾಟಿಸಿದೆ. ಕಾಲೇಜಿಗೆ ರಜೆ ಹಾಕಿದೆ, ಕಾರಣ ಮೈ ಹುಷಾರಿಲ್ಲ ಎಂದು ಬರೆದೆ. ಅದು ಸುಳ್ಳೇನಲ್ಲ, ಸೊಂಟ ಹಿಡಿದುಹೋಗಿತ್ತು. ನಾವಿಬ್ಬರೂ ಮಾತಾಡಲಿಲ್ಲ. ಒಮ್ಮೆ ಮಾತ್ರ ನಾನು ಜಾರಿದಾಗ "ಸಮಾ ನಿಲ್ಲಿ ಅಕ್ಕೋರೆ, ಅಲ್ಲಿ ಆಳ ಅದೆ" ಎಂದ. ಅಕ್ಕೋರು ಎಂದರೆ ನಮ್ಮಲ್ಲಿ ಪಾಠ ಹೇಳುವ ಹೆಂಗಸು. ನನ್ನ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು.

ಅಮಾವಾಸ್ಯೆಯ ಮಧ್ಯಾಹ್ನ ಭರತ ಬಂತು. ನೀರು ಕಟ್ಟೆಯ ಹೊರಮೈಗೆ ಏರಿ, ಒಂದು ಮೊಳ ಕೆಳಗೆ ನಿಂತು, ತಿರುಗಿ ಹೋಯಿತು. ಸಸಿ ಹಸಿರಾಗಿಯೇ ಇತ್ತು. ನಾನು ಅತ್ತೆ. ನಾಚಿಕೆಯಿಲ್ಲದೆ, ಎಲ್ಲರೆದುರು.

ಆಮೇಲೆ ಎಲ್ಲರೂ ಕಟ್ಟೆಯ ಮೇಲೇ ಕೂತರು. ಕುರ್ಚಿ ಇರಲಿಲ್ಲ, ಆದ್ದರಿಂದ ಈ ಬದಿ ಆ ಬದಿ ಅಂತಲೂ ಇರಲಿಲ್ಲ, ಎಲ್ಲರಿಗೂ ಒಂದೇ ಕೆಸರು. ಗಂಜಿ, ಒಣಮೀನಿನ ಚಟ್ನಿ ಬಂತು. ಉಂಡ ಮೇಲೆ ಅವ್ವಿ ಕೇಳಿದಳು.

"ಈಗ ಕೇಳೂಕಡ್ಡಿಲ್ಲ. ಯಾರು ಕಡ್ದದ್ದು?"

ಅವನು ಎದ್ದು ನಿಂತ. "ನಾನೇ ಅಕ್ಕ. ಎರಡು ಬೇಸಿಗೆ ಜಂತ್ರಡಿ ಹತ್ರ ಬರೂಕೆ ಬಿಡ್ಲಿಲ್ಲ ನೀವು. ನಮ್ಮ ಮಕ್ಳು ಎಂತ ತಿನ್ಬೇಕು? ಗುತ್ತಿಗೆ ಬಿಡಿಸಿದ್ರಿ ಅಂತ ನಮಗೆ ಹೇಳಿದವ್ರು ಯಾರು?"

ನಾನು ಬರೆದ ದೂರು ನಿಜವಾಗಿತ್ತು. ಆದರೂ ಆ ಹೊತ್ತಿಗೆ ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ನಿಜ ಬರೆದವಳ ಸಹಿ ಗುತ್ತಿಗೆಯ ಕಾಗದದ ಮೇಲೂ ಇತ್ತು. ಅವ್ವಿಯೇ ಹೇಳಿದಳು, "ಹೌದು. ತಪ್ಪು ನಮ್ದೂ ಅದೆ. ಹೇಳಲಿಲ್ಲ ನಾವು." ಆಮೇಲೆ ಹಿರಿಯರು ಸ್ವಲ್ಪ ಹೊತ್ತು ಮಾತಾಡಿಕೊಂಡರು. ತೀರ್ಮಾನ ಹಳೆಯದೇ. ಕಡಿದವನೇ ಆ ಮಳೆಗಾಲ ಮುಗಿಯುವವರೆಗೆ ಕಟ್ಟೆ ಕಾಯಬೇಕು, ಜಂತ್ರಡಿಯ ಹಲಗೆ ಅವನ ಕೈಯಲ್ಲೇ ಇರಬೇಕು. ಬೇಸಿಗೆಯಲ್ಲಿ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಇನ್ನು ಗುತ್ತಿಗೆ ಎಂಬ ಮಾತು ಎತ್ತಬಾರದು. ಜೈಲಿಗೆ ಹಾಕುವ ಬದಲು ಬೀಗದ ಕೈ ಕೊಡುವ ಈ ಬುದ್ಧಿ ನಮ್ಮವರಿಗೆ ಯಾರು ಕಲಿಸಿದರು? ಯಾರೂ ಕಲಿಸಲಿಲ್ಲ, ನಮ್ಮದೇ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ.

ಮರುದಿನವೇ ನಾನು ಠಾಣೆಗೆ ಹೋಗಿ ದೂರು ಹಿಂದಕ್ಕೆ ಪಡೆದೆ. "ಎಂತಕ್ಕೆ ಮೇಡಂ, ಸುಳ್ಳು ದೂರಾ?" ಎಂದು ಅಲ್ಲಿದ್ದವರು ಕೇಳಿದರು. ಸುಳ್ಳಲ್ಲ, ಆದರೆ ಬೇಡ ಎಂದೆ. ಅವರು ನನ್ನನ್ನು ಒಂದು ನಮೂನೆ ನೋಡಿದರು. ನಾನು ಹಿಂದಕ್ಕೆ ಪಡೆದರೂ ದೂರಿನ ನಕಲು ಅದಾಗಲೇ ಒಂದೆರಡು ಕಡೆ ಹೋಗಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ.

ಅವನು ಕಾದ. ಕಟ್ಟೆಯ ಮೇಲೆ ಮಡಲಿನ ಗುಡಿಸಲು ಹಾಕಿ, ದಿನಕ್ಕೆ ಎರಡು ಭರತಕ್ಕೂ ಎದ್ದು ಹಲಗೆ ನೋಡಿದ. ಏಡಿ ಕೊರೆದ ತೂತುಗಳನ್ನು ಹುಡುಕಿ ಹುಡುಕಿ ಮುಚ್ಚಿದ. ಎರಡು ಸಲ ನೆರೆ ಬಂತು, ಕಟ್ಟೆ ಕದಲಲಿಲ್ಲ. ಮಳೆ ಹಿಂದೆ ಸರಿಯುವಾಗ ಗಜನಿಯಿಡೀ ತೆನೆ ಹೊತ್ತು ಬಾಗಿತು.

ಇನ್ನು ಕೊಯ್ಯಬೇಕು. ಆದರೆ ಮೂರನೆಯ ವರ್ಷದ ದಾಖಲೆಗಾಗಿ ಬೆಳೆ ಇದೆಯೋ ಇಲ್ಲವೋ ನೋಡಲು ಬರಬೇಕಾದ ಅಧಿಕಾರಿ ಬರಲೇ ಇಲ್ಲ. ಇವತ್ತು ಎಂದರು, ನಾಳೆ ಎಂದರು, ಸಭೆ ಇದೆ ಎಂದರು, ಜೀಪು ಇಲ್ಲ ಎಂದರು. ನನಗೆ ಥಟ್ಟನೆ ಹೊಳೆಯಿತು. ಕೊಯ್ದು, ಬಾಗಿಲು ತೆಗೆದು, ಉಪ್ಪುನೀರು ಬಿಟ್ಟ ಮೇಲೆ ಬಂದರೆ ಕಾಣುವುದು ಮತ್ತೆ ಆ ಕುದುರೆ ಸಾಹೇಬ ಕಂಡದ್ದೇ. ಕಟ್ಟೆಯ ಮೇಲೆ ಎಲ್ಲರೆದುರು ಇದನ್ನು ಹೇಳಿದೆ. ಆಚೆ ದಡದ ಒಬ್ಬ ಮುದುಕಿ "ಹಾಂಗಾರೆ ಅಂವ ಬರೂ ತನಕ ಕೊಯ್ಯೂಕಿಲ್ಲ" ಎಂದಳು. ಅಷ್ಟೇ. ಅದೇ ನಮ್ಮ ಹೋರಾಟ. ಬ್ಯಾನರ್ ಇಲ್ಲ, ಘೋಷಣೆ ಇಲ್ಲ, ರಸ್ತೆ ತಡೆಯಲಿಲ್ಲ. ಹಣ್ಣಾದ ಬೆಳೆಯನ್ನು ಕೊಯ್ಯದೆ ನಿಲ್ಲಿಸಿದೆವು.

ಕೇಳುವವರಿಗೆ ಇದು ಸುಲಭ ಎನಿಸಬಹುದು. ಕಗ್ಗ ಹಣ್ಣಾದ ಮೇಲೆ ದಿನ ಕಳೆದ ಹಾಗೆ ಕಾಳು ನೀರಿಗೆ ಉದುರುತ್ತದೆ. ನೀರುಕೋಳಿಗಳ ಹಿಂಡು ಬೇರೆ. ಎರಡೂ ದಡದವರು ಸರದಿಯಲ್ಲಿ ದೋಣಿ ಹತ್ತಿ ಡಬ್ಬ ಬಡಿದು ಹಕ್ಕಿ ಓಡಿಸಿದರು. ಕೊಯ್ಲಾಗದೆ ಬಾಗಿಲು ತೆಗೆಯುವಂತಿಲ್ಲ, ಬಾಗಿಲು ತೆಗೆಯದೆ ಆಚೆ ದಡದವರಿಗೆ ಮೀನಿಲ್ಲ. ಅವರ ಹೊಟ್ಟೆಯೂ ನಮ್ಮ ತೆನೆಯ ಜೊತೆ ಕಾದಿತು. ಅವ್ವಿ ದಿನವೂ ಒಂದು ತೆನೆ ಹಿಡಿದು ಎಷ್ಟು ಕಾಳು ಉಳಿದಿದೆ ನೋಡುತ್ತಿದ್ದಳು. ಒಂದು ವಾರ ಕಳೆಯಿತು. ಇನ್ನೊಂದು ಅರ್ಧ ವಾರ.

ಕಡೆಗೂ ಬಂದರು. ಜೀಪಿನ ಹಿಂದೆ ಒಂದು ಪೊಲೀಸ್ ವ್ಯಾನ್, ಅದರ ಹಿಂದೆ ಕಾರಿನಲ್ಲಿ ಆ ಗುತ್ತಿಗೆದಾರ. ಗಲಾಟೆಯಾಗುತ್ತದೆ ಎಂದು ಯಾರೋ ಹೇಳಿಕೊಟ್ಟಿರಬೇಕು. ಕಟ್ಟೆಯುದ್ದಕ್ಕೂ ಜನ ಕತ್ತಿ ಹಿಡಿದು ಕೂತಿದ್ದರು, ಕೊಯ್ಯುವ ಕತ್ತಿ. ಯಾರೂ ಏಳಲಿಲ್ಲ. "ಪ್ರತಿಭಟನೆ ಎಲ್ಲಿ?" ಎಂದು ಪೊಲೀಸರೊಬ್ಬರು ಮೆಲ್ಲಗೆ ಕೇಳಿದರು. ಅವ್ವಿ ಗದ್ದೆಯತ್ತ ಕೈ ತೋರಿಸಿ, "ಅಲ್ಲಿ ನಿಂತದ್ದು" ಎಂದಳು.

ಗುತ್ತಿಗೆದಾರ ಒಂದು ಕಾಗದ ತೆಗೆದು ಅಧಿಕಾರಿಗೆ ಕೊಟ್ಟ. ದೂರದಿಂದಲೇ ಗುರುತು ಹಿಡಿದೆ, ನನ್ನ ಅಕ್ಷರ. "ನೋಡಿ ಸಾರ್, ಇಲ್ಲಿ ಎರಡು ಊರಿಗೆ ಹೊಡೆದಾಟ. ಕಟ್ಟೆ ಕಡಿದ ಆರೋಪಿಯನ್ನೇ ಕಾವಲಿಗೆ ಇಟ್ಟಿದ್ದಾರೆ. ಈ ವರ್ಷ ಅಂಚಿಗೆ ನಾಲ್ಕು ತೆನೆ ಕಾಣಬಹುದು, ಒಳಗೆ ಏನೂ ಇಲ್ಲ. ಇಲ್ಲಿ ಸಾಗುವಳಿ ಆಗುವ ಮಾತಲ್ಲ."

ಅಧಿಕಾರಿ ನನ್ನತ್ತ ತಿರುಗಿದರು. "ಇದು ನಿಮ್ಮ ಸಹಿಯಾ ಮೇಡಂ?"

"ನನ್ನದೇ. ಹಿಂದಕ್ಕೆ ಪಡೆದಿದ್ದೇನೆ."

"ಹಿಂದಕ್ಕೆ ಪಡೆದದ್ದಿರಲಿ. ಇವರು ಕಡಿದದ್ದು ಹೌದೋ ಅಲ್ಲವೋ?"

ಹೌದು ಎಂದರೆ ಅವನಿಗೆ ಕೇಸು. ಅಲ್ಲ ಎಂದರೆ ಪೊಲೀಸರ ಎದುರೇ ಸುಳ್ಳು, ನಮ್ಮ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಅಷ್ಟರಲ್ಲಿ ಅವನೇ ಮುಂದೆ ಬಂದ.

"ಅವ್ರನ್ನ ಎಂತಕ್ಕೆ ಕೇಳ್ತ್ರಿ ಸರ್? ಕಡ್ದವ ನಾನೇ. ಅದಕ್ಕೇ ನನ್ನ ಕಾಯೂಕೆ ಹಾಕದ್ದು. ನಾ ಕಾದದ್ದು ಹ್ಯಾಂಗದೆ ಅಂತ ನೋಡಿ ಬನ್ನಿ. ಒಳಗೆ ಎಂತ ಇಲ್ಲ ಅಂತ ಅಂವ ಹೇಳ್ತ, ನಡು ಗದ್ದೆಗೇ ಹೋಗ್ವ. ಆಮೇಲೆ ಬೇಕಾರೆ ಹಿಡ್ಕಂಡು ಹೋಗಿ."

ದೋಣಿಯನ್ನು ಕಟ್ಟೆಗೆ ತಾಗಿಸಿ ಹಿಡಿದ. ಅಧಿಕಾರಿ ಒಂದು ಕ್ಷಣ ತಮ್ಮ ಬೂಟು ನೋಡಿಕೊಂಡರು, ಬಿಚ್ಚಿದರು, ಪ್ಯಾಂಟು ಮಡಚಿ ದೋಣಿ ಹತ್ತಿದರು. ಅವನು ಕೋಲು ಹಾಕಿದ. ನಾವು ಕಟ್ಟೆಯ ಮೇಲಿಂದ ನೋಡುತ್ತ ಕೂತೆವು. ತೆನೆಗಳ ನಡುವೆ ದೋಣಿ ಮರೆಯಾಯಿತು, ಅಧಿಕಾರಿಯ ತಲೆ ಮಾತ್ರ ಆಗೀಗ ಕಾಣುತ್ತಿತ್ತು. ಗುತ್ತಿಗೆದಾರ ಫೋನು ಮಾಡುತ್ತ ಕಾರಿನ ಸುತ್ತ ತಿರುಗಿದ. ಬಹಳ ಹೊತ್ತಾದ ಮೇಲೆ ದೋಣಿ ತಿರುಗಿ ಬಂತು. ಅಧಿಕಾರಿಯ ಅಂಗಿಗೆಲ್ಲ ಹೊಟ್ಟು ಅಂಟಿತ್ತು, ಕೈಯಲ್ಲಿ ಒಂದು ಹಿಡಿ ತೆನೆ.

ಅವರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. ನಾನು ಇಣುಕಿ ಓದಿದೆ. ಬೆಳೆ ಕಗ್ಗ, ಇಡೀ ಕ್ಷೇತ್ರದಲ್ಲಿ, ಕೊಯ್ಲಿಗೆ ಬಂದಿದೆ. ನನ್ನ ಅಜ್ಜಿಯ ಅಜ್ಜಿ ಬೆಳೆದ ಭತ್ತದ ಹೆಸರನ್ನು ನಮ್ಮ ಗಜನಿಯ ಸರ್ಕಾರಿ ಕಾಗದದಲ್ಲಿ ನಾನು ಓದಿದ್ದು ಅದೇ ಮೊದಲು.

"ಸಾಕ್ಷಿ ಯಾರು ಹಾಕುತ್ತೀರಿ?" ಎಂದರು. ಅವ್ವಿ ಅವನ ಕಡೆ ನೋಡಿದಳು. ಅವನು ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದ. ಎರಡನೆಯ ಸಾಕ್ಷಿ ನಾನು. ಅವನ ಹೆಸರಿನ ಕೆಳಗೆ, ದೂರಿನಲ್ಲಿ ಹಾಕಿದ್ದ ಅದೇ ಸಹಿ ಹಾಕಿದೆ. ಅಧಿಕಾರಿ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ದೂರಿನ ನಕಲನ್ನು ಮಡಚಿ ನನ್ನ ಕೈಗೆ ಕೊಟ್ಟರು.

ನನಗೆ ಅವನ ಹತ್ತಿರ ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎಂದೋ, ದೊಡ್ಡ ಮನುಷ್ಯ ನೀನು ಎಂದೋ. ಬಾಯಿ ತೆರೆಯುವಷ್ಟರಲ್ಲಿ ಅವ್ವಿ ಗದರಿದಳು.

"ಸಹಿ ಹಾಕಿ ಆತಲ್ಲ? ಮತ್ತೆಂತ ನಿಂತದ್ದು ಇಬ್ಬರೂ? ಕಾಳು ಉದುರ್ತಾ ಅದೆ, ಕತ್ತಿ ಹಿಡಿರಿ."

ಎರಡೂ ದಡದವರು ಒಟ್ಟಿಗೆ ನೀರಿಗಿಳಿದರು. ನಾನು ಕಾಲೇಜಿನ ಸೀರೆಯನ್ನೇ ಎತ್ತಿ ಕಟ್ಟಿ ಅವನ ಪಕ್ಕದ ಸಾಲು ಹಿಡಿದೆ.